ಮೃತ್ಯುಜಯದ ಕಲ್ಪನೆ ಮತ್ತು ದಾವಣಗೆರೆ–ಹರಿಹರದ ದೇವೀ ಆರಾಧನೆ

ಮೃತ್ಯುಜಯ ಎಂದರೆ ಸಾವನ್ನು ಗೆಲ್ಲುವುದು. ಮಧ್ಯ ಕರ್ನಾಟಕದ ದಾವಣಗೆರೆ ನಗರ ಮತ್ತು ಅದಕ್ಕೆ ಸಮೀಪದ ಹರಿಹರದಲ್ಲಿ ಈ ಕಲ್ಪನೆಯು ಎರಡು ಬಗೆಯಲ್ಲಿ ಉಳಿದುಬಂದಿದೆ. ಒಂದು, ಊರನ್ನು ಸಾಂಕ್ರಾಮಿಕ ರೋಗಗಳಿಂದ ಕಾಯುವ ದೇವಿಯ ಆರಾಧನೆ. ಇನ್ನೊಂದು, ವರಬಲದಿಂದ ಸಾವನ್ನು ತಪ್ಪಿಸಿಕೊಳ್ಳಲು ಯತ್ನಿಸಿದ ಅಸುರನ ಕ್ಷೇತ್ರಪುರಾಣ. ವಿಜ್ಞಾನದ ನೆರವಿನಿಂದ ಮುಪ್ಪು ಮತ್ತು ಮರಣವನ್ನು ನಿವಾರಿಸಬಹುದೆಂಬ ಆಧುನಿಕ ಭವಿಷ್ಯವಾದಿ ಚಿಂತನೆಯೊಂದಿಗೆ ಈ ಪರಂಪರೆಗಳನ್ನು ಹೋಲಿಸಬಹುದಾಗಿದೆ. ಭಕ್ತರು ದೇವಿಯಲ್ಲಿ ಬೇಡುವುದು ಮುಖ್ಯವಾಗಿ ಅಕಾಲಮೃತ್ಯುವಿನ ಪರಿಹಾರವನ್ನು. ಭವಿಷ್ಯವಾದಿಗಳು ಬಯಸುವುದು ಮರಣದಿಂದಲೇ ಬಿಡುಗಡೆಯನ್ನು.

ಹರಿಹರದ ಗುಹಾಸುರ

ಹರಿಹರವು ತುಂಗಭದ್ರಾ ಮತ್ತು ಹರಿದ್ರಾ ನದಿಗಳ ಸಂಗಮದಲ್ಲಿರುವುದರಿಂದ ಇದಕ್ಕೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಇಲ್ಲಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಮೂಲವಿಗ್ರಹದ ಬಲಭಾಗ ಶಿವನದು, ಎಡಭಾಗ ವಿಷ್ಣುವಿನದು.

ಸ್ಥಳಪುರಾಣದ ಪ್ರಕಾರ ಗುಹಾಸುರನು ತಪಸ್ಸಿನಿಂದ ಬ್ರಹ್ಮನನ್ನು ಮೆಚ್ಚಿಸಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಂತೆ ವರ ಪಡೆದನು. ಅವನ ಉಪಟಳ ಮಿತಿಮೀರಿದಾಗ ಇಬ್ಬರೂ ಒಂದೇ ದೇಹದಲ್ಲಿ ಸೇರಿ ಅವನನ್ನು ಸಂಹರಿಸಿದರು. ವರದ ಮಾತಿಗೆ ಭಂಗ ಬರಲಿಲ್ಲ. ಆದರೆ ಅದು ಊಹಿಸದಿದ್ದ ರೂಪದಲ್ಲಿ ಸಾವು ಬಂದಿತು. ಹಿರಣ್ಯಕಶಿಪು ಹಾಗೂ ಮಹಿಷಾಸುರರ ಕಥೆಗಳಲ್ಲಿಯೂ ಇದೇ ವಿನ್ಯಾಸವಿದೆ. ಹೆಂಗಸಿನಿಂದ ಅಪಾಯವಿಲ್ಲವೆಂದು ಬಗೆದ ಮಹಿಷನು ದೇವಿಯ ಕೈಯಲ್ಲಿ ಹತನಾದನು. ನಿಬಂಧನೆಗಳ ಮೂಲಕ ಸಾವನ್ನು ಕಟ್ಟಿಹಾಕಲಾಗದು ಎಂಬುದು ಈ ಕಥೆಗಳ ಸಮಾನ ಆಶಯ.

ದುಗ್ಗಮ್ಮನ ಜಾತ್ರೆ

ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯನ್ನು ಜನರು ದುಗ್ಗಮ್ಮ ಎಂದು ಕರೆಯುತ್ತಾರೆ. ದೇವಿಯ ಜಾತ್ರೆಯು ಎರಡು ವರ್ಷಗಳಿಗೊಮ್ಮೆ ಬೇಸಿಗೆಯ ಆರಂಭದಲ್ಲಿ ನಡೆಯುತ್ತದೆ. ಉಡಿ ತುಂಬುವುದು, ದೀಡು ನಮಸ್ಕಾರ ಹಾಕುವುದು, ಬೇವಿನ ಉಡುಗೆ ತೊಟ್ಟು ಹರಕೆ ತೀರಿಸುವುದು ಮುಖ್ಯ ಆಚರಣೆಗಳು. ಈ ಭಾಗದ ಮಾರಿಹಬ್ಬಗಳಲ್ಲಿ ಊರಿನ ಎಲ್ಲೆಯ ಸುತ್ತ ಚರಗ ಚೆಲ್ಲುವ ಪದ್ಧತಿಯಿದೆ. ರೋಗರುಜಿನಗಳು ಗಡಿಯೊಳಗೆ ಬಾರದಿರಲಿ ಎಂಬುದು ಅದರ ಉದ್ದೇಶ. ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ 1959ರಿಂದ ಇದ್ದು, ಕೋಣ ಬಲಿಯ ವಿಷಯವು ಜಾತ್ರೆಯ ಸಮಯದಲ್ಲಿ ಚರ್ಚೆಗೆ ಬರುತ್ತದೆ.

ಗ್ರಾಮದೇವತೆಯ ಕಲ್ಪನೆಯಲ್ಲಿ ರೋಗವನ್ನು ತರುವವಳೂ ಅದನ್ನು ಹಿಂತೆಗೆಯುವವಳೂ ಒಬ್ಬಳೇ. ಸಿಡುಬು ಬಂದವರನ್ನು ಕುರಿತು ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು; ರೋಗಿಯ ಹಾಸಿಗೆಯ ಬಳಿ ಬೇವಿನ ಸೊಪ್ಪನ್ನು ಇಡುತ್ತಿದ್ದರು. ಆದ್ದರಿಂದ ರೋಗವನ್ನು ಶತ್ರುವೆಂದು ನಿಂದಿಸದೆ, ಅತಿಥಿಯಂತೆ ಸತ್ಕರಿಸಿ ಗಡಿ ದಾಟಿಸುವುದು ವಾಡಿಕೆಯಾಗಿತ್ತು.

ಸಿಡುಬಿನ ನಿರ್ಮೂಲನೆ

ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆಯು 1802ರಲ್ಲಿ ಭಾರತಕ್ಕೆ ಬಂದಿತು. ಹಳೆಯ ಮೈಸೂರು ಭಾಗದ ಆಡುಮಾತಿನಲ್ಲಿ ಇದಕ್ಕೆ ದಾಕು ಎಂಬ ಹೆಸರು ಬಳಕೆಯಾಯಿತು. ಭಾರತದಲ್ಲಿ ಕೊನೆಯ ಸಿಡುಬು ಪ್ರಕರಣ 1975ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಭೆಯು 1980ರ ಮೇ 8ರಂದು ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಿಸಿತು. ಹೀಗೆ ದೇವಿಗೆ ಆರೋಪಿಸಲಾಗಿದ್ದ ಒಂದು ರೋಗವನ್ನು ವಿಜ್ಞಾನವು ಇಲ್ಲವಾಗಿಸಿದರೂ ಆರಾಧನೆ ನಿಲ್ಲಲಿಲ್ಲ. ಮಳೆ, ಬೆಳೆ, ಸಂತಾನ, ವ್ಯಾಪಾರಗಳ ಹರಕೆಗಳು ಮುಂದುವರಿದವು. ಕೋವಿಡ್ ಕಾಲದಲ್ಲಿ ರಾಜ್ಯದ ಕೆಲವೆಡೆ ‘ಕೊರೊನಮ್ಮ’ನ ಪೂಜೆಗಳೂ ನಡೆದವು. ಇನ್ನೊಂದೆಡೆ, 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ದಾವಣಗೆರೆಯನ್ನು ಸುತ್ತಲಿನ ಪ್ರದೇಶದ ವೈದ್ಯಕೀಯ ಕೇಂದ್ರವಾಗಿಸಿತು.

ಭಾರತೀಯರ ಸರಾಸರಿ ಆಯುರ್ಮಾನವು ಸ್ವಾತಂತ್ರ್ಯದ ಸಮಯದಲ್ಲಿ ಸುಮಾರು 32 ವರ್ಷಗಳಿದ್ದದ್ದು ಈಗ ಸುಮಾರು 70 ವರ್ಷಗಳಿಗೆ ಏರಿದೆ. ಈ ಏರಿಕೆಯಲ್ಲಿ ಶಿಶುಮರಣ ಮತ್ತು ಸೋಂಕು ರೋಗಗಳ ಇಳಿಕೆಯ ಪಾಲು ದೊಡ್ಡದು. ಅಂದರೆ ಇಲ್ಲಿ ಸಾಧಿತವಾದದ್ದು ಬಹುಮಟ್ಟಿಗೆ ಅಕಾಲಮರಣದ ನಿವಾರಣೆ. ಮಾನವನ ಗರಿಷ್ಠ ಆಯುಷ್ಯದ ಮಿತಿ ಅದರಿಂದ ಸರಿದಿಲ್ಲ.

ಕನ್ನಡ ಪರಂಪರೆಯಲ್ಲಿ ಕಾಯಸಿದ್ಧಿ

ದೇಹವನ್ನೇ ಅಳಿಯದಂತೆ ಮಾಡಿಕೊಳ್ಳುವ ಹಂಬಲ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷನು ಕಾಯಸಿದ್ಧಿಯಿಂದ ವಜ್ರದೇಹವನ್ನು ಪಡೆದವನಾಗಿ ಬರುತ್ತಾನೆ. ಅವನಿಗೆ ಖಡ್ಗ ತಾಗಿದಾಗ ಲೋಹದಂತೆ ಸದ್ದಾಗುತ್ತದೆ. ಅಲ್ಲಮಪ್ರಭುವಿನ ದೇಹದಲ್ಲಿ ಅದೇ ಖಡ್ಗ ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿಗೊಳಿಸುವುದಕ್ಕಿಂತ ದೇಹಭಾವವನ್ನು ನೀಗುವುದು ಹಿರಿದೆಂಬುದು ಪ್ರಸಂಗದ ತಾತ್ಪರ್ಯ.

20ನೆಯ ಶತಮಾನದಲ್ಲಿ ಶ್ರೀ ಅರವಿಂದರು ದೇವೀತತ್ತ್ವವನ್ನೂ ವಿಕಾಸವಾದವನ್ನೂ ಜೊತೆಗೂಡಿಸಿ, ಶಕ್ತಿಯ ಅವತರಣದಿಂದ ಮಾನವದೇಹವೂ ರೂಪಾಂತರ ಹೊಂದಬಲ್ಲದೆಂದು ಪ್ರತಿಪಾದಿಸಿದರು. ಮಹಾಭಾರತದ ಸಾವಿತ್ರಿಯ ಕಥೆಯನ್ನು ಆಧರಿಸಿದ ಅವರ ಮಹಾಕಾವ್ಯದ ವಸ್ತುವೂ ಮೃತ್ಯುವಿನ ಮೇಲಿನ ವಿಜಯವೇ. ಕನ್ನಡದಲ್ಲಿ ಮಧುರಚೆನ್ನ, ದ. ರಾ. ಬೇಂದ್ರೆ ಮತ್ತು ವಿ. ಕೃ. ಗೋಕಾಕರು ಈ ದರ್ಶನದಿಂದ ಪ್ರಭಾವಿತರಾದ ಪ್ರಮುಖರು. ಅರವಿಂದರು 1950ರಲ್ಲಿಯೂ ಆಶ್ರಮದ ಶ್ರೀಮಾತೆ 1973ರಲ್ಲಿಯೂ ನಿಧನರಾದರು.

ಆಧುನಿಕ ಭವಿಷ್ಯವಾದ

ರಷ್ಯಾದ ಚಿಂತಕ ನಿಕೊಲಾಯ್ ಫ್ಯೊದೊರೊವ್ (1829–1903) ಗತಿಸಿದ ಹಿರಿಯರನ್ನು ವಿಜ್ಞಾನದಿಂದ ಮತ್ತೆ ಬದುಕಿಸುವುದು ಮಾನವಕುಲದ ಸಾಮೂಹಿಕ ಕರ್ತವ್ಯವೆಂದು ವಾದಿಸಿದರು. ಅಮೆರಿಕದಲ್ಲಿ 1967ರಲ್ಲಿ ಜೇಮ್ಸ್ ಬೆಡ್‌ಫೋರ್ಡ್ ಎಂಬವರ ಮೃತದೇಹವನ್ನು ಮುಂದೊಂದು ದಿನ ಜೀವ ಬರಬಹುದೆಂಬ ನಿರೀಕ್ಷೆಯಿಂದ ಶೀತಲೀಕರಿಸಲಾಯಿತು. ಹೀಗೆ ಕಾಯ್ದಿರಿಸಿದ ಯಾರೂ ಇದುವರೆಗೆ ಮರಳಿ ಬದುಕಿಲ್ಲ. ಮುಪ್ಪನ್ನು ದುರಸ್ತಿ ಮಾಡಬಹುದಾದ ಹಾನಿಗಳ ಮೊತ್ತವೆಂದು ಆಬ್ರಿ ಡಿ ಗ್ರೇ ವಿವರಿಸಿದರೆ, ರೇ ಕರ್ಜ್‌ವೈಲ್ ಯಂತ್ರಬುದ್ಧಿಯ ಮೇಲೆ ಭರವಸೆ ಇಟ್ಟಿದ್ದಾರೆ. ದೃಢಪಟ್ಟ ಅತಿ ದೀರ್ಘ ಆಯುಷ್ಯ ಫ್ರಾನ್ಸಿನ ಜೀನ್ ಕಾಲ್ಮೆಂಟ್ ಅವರದು. 1997ರಲ್ಲಿ ತೀರಿಕೊಂಡಾಗ ಅವರಿಗೆ 122 ವರ್ಷ.

ಹೋಲಿಕೆ

ಗ್ರಾಮದೇವತೆಯ ಹರಕೆಯು ಇಡೀ ಊರಿನ ಹೆಸರಿನಲ್ಲಿ ನಡೆಯುತ್ತದೆ. ಚರಗದ ಗಡಿಯೊಳಗೆ ಬಡವ ಬಲ್ಲಿದರೆಲ್ಲರೂ ಸೇರುತ್ತಾರೆ. ಸಿಡುಬಿನ ನಿರ್ಮೂಲನೆಯೂ ಸಾಮೂಹಿಕ ಪ್ರಯತ್ನದಿಂದಲೇ ಸಾಧ್ಯವಾಯಿತು. ಗುಹಾಸುರನ ವರವಾದರೋ ಒಬ್ಬನಿಗಾಗಿ ಬೇಡಿದ್ದು. ದೀರ್ಘಾಯುಷ್ಯದ ತಂತ್ರಜ್ಞಾನವು ಹಣವುಳ್ಳ ಕೆಲವರಿಗೆ ಮಾತ್ರ ದಕ್ಕಬಹುದೆಂಬುದು ಭವಿಷ್ಯವಾದದ ವಿರುದ್ಧ ಕೇಳಿಬರುವ ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿದೆ. ವೃದ್ಧಾಪ್ಯದ ರೋಗಗಳನ್ನು ತಡೆಯುವ ಸಂಶೋಧನೆಯಿಂದ ಎಲ್ಲರಿಗೂ ಪ್ರಯೋಜನವಾಗುವುದೆಂದು ಅದರ ಸಮರ್ಥಕರು ಉತ್ತರಿಸುತ್ತಾರೆ.