ಎಗ್‌ಕಾರ್ನ್

ಎಗ್‌ಕಾರ್ನ್ ಎಂಬುದು ಪದವನ್ನಾಗಲಿ ನುಡಿಗಟ್ಟನ್ನಾಗಲಿ ತಪ್ಪಾಗಿ ಗ್ರಹಿಸಿ, ಅದೇ ಬಗೆಯ ಧ್ವನಿಯುಳ್ಳ ಹಾಗೂ ಸಂದರ್ಭಕ್ಕೆ ಅರ್ಥವೂ ಹೊಂದುವಂತೆ ತೋರುವ ಬೇರೊಂದು ರೂಪದಲ್ಲಿ ಬಳಸುವುದಕ್ಕೆ ಭಾಷಾವಿಜ್ಞಾನದಲ್ಲಿರುವ ಹೆಸರು. ಇಂಗ್ಲಿಷಿನಲ್ಲಿ ಇದರ ಉದಾಹರಣೆಗಳು ಹೇರಳ. ಇದನ್ನು ಕೇವಲ ಅಜ್ಞಾನದ ಫಲವೆನ್ನಲಾಗದು. ಅಪರಿಚಿತ ಪದಕ್ಕೆ ತಿಳಿದ ಪದಗಳಿಂದ ಅರ್ಥ ಕಟ್ಟುವ ತರ್ಕ ಇದರ ಹಿಂದಿದೆ.

ಹೆಸರಿನ ಹಿನ್ನೆಲೆ

ಓಕ್ ಮರದ ಕಾಯಿಗೆ ಇಂಗ್ಲಿಷಿನಲ್ಲಿ 'ಏಕಾರ್ನ್' ಎಂದು ಹೆಸರು. ಮಹಿಳೆಯೊಬ್ಬರು ಅದನ್ನು 'ಎಗ್ ಕಾರ್ನ್' ಎಂದು ಬರೆಯುತ್ತಿದ್ದುದನ್ನು ಭಾಷಾವಿಜ್ಞಾನಿ ಮಾರ್ಕ್ ಲಿಬರ್ಮನ್ 2003ರ ಸೆಪ್ಟೆಂಬರ್‌ನಲ್ಲಿ ಚರ್ಚಿಸಿದರು. ಇಂತಹ ತಪ್ಪಿಗೆ ಪ್ರತ್ಯೇಕ ಹೆಸರಿರಲಿಲ್ಲವಾದ್ದರಿಂದ, ಆ ರೂಪವನ್ನೇ ಹೆಸರಾಗಿಸುವಂತೆ ಜೆಫ್ರಿ ಪುಲಮ್ ಸೂಚಿಸಿದರು. ಮೊಟ್ಟೆಯಾಕಾರದ ಕಾಯಿಗೆ ಅದು ಅಸಂಗತವೂ ಅಲ್ಲ. ವಾಸ್ತವವಾಗಿ 'ಏಕಾರ್ನ್' ಕೂಡ ಇಂಥದೇ ಮಾರ್ಪಾಡಿಗೆ ಒಳಗಾದ ಪದ: ಅದರ ಪ್ರಾಚೀನ ರೂಪಕ್ಕೆ ಕಾಳು ಎಂಬರ್ಥದ 'ಕಾರ್ನ್' ಜೊತೆ ಸಂಬಂಧವಿರಲಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2010ರಲ್ಲಿ, ಮೆರಿಯಮ್-ವೆಬ್‌ಸ್ಟರ್ 2015ರಲ್ಲಿ 'ಎಗ್‌ಕಾರ್ನ್' ಪದವನ್ನು ಸೇರಿಸಿಕೊಂಡವು.

ಉದಾಹರಣೆಗಳು ಮತ್ತು ಕಾರಣಗಳು

ನುಡಿಗಟ್ಟಿನ ಮೂಲದಲ್ಲಿದ್ದ ಜೀವನಕ್ರಮ ಮರೆಯಾದಾಗ ಎಗ್‌ಕಾರ್ನ್ ಹುಟ್ಟುವುದುಂಟು. ಪೂರ್ಣ ಸ್ವಾತಂತ್ರ್ಯ ಕೊಡುವುದನ್ನು ಸೂಚಿಸುವ 'ಫ್ರೀ ರೇನ್' ಕುದುರೆ ಸವಾರಿಯಿಂದ ಬಂದದ್ದು. ಲಗಾಮು ಸಡಿಲಬಿಡುವುದು ಅದರ ಮೂಲಾರ್ಥ. ಕುದುರೆಯ ಒಡನಾಟವಿಲ್ಲದ ಇಂದಿನವರು 'ರೇನ್' ಎಂಬಲ್ಲಿ ಆಳ್ವಿಕೆ ಎಂಬರ್ಥದ ಪದವನ್ನು ಬರೆಯುತ್ತಾರೆ. ಉಚ್ಚಾರಣೆ ಒಂದೇ ಆದ್ದರಿಂದ ಕನ್ನಡ ಲಿಪಿಯಲ್ಲಿ ಈ ವ್ಯತ್ಯಾಸ ಕಾಣದು. ಇಂಗ್ಲಿಷ್ ಕಾಗುಣಿತದಲ್ಲಷ್ಟೇ ಅದು ಗೋಚರ. 'ಟೋ ದ ಲೈನ್' ಎಂದರೆ ಗೆರೆಗೆ ಕಾಲ್ಬೆರಳು ತಾಗುವಂತೆ ನಿಲ್ಲುವುದು, ಅರ್ಥಾತ್ ಶಿಸ್ತಿಗೆ ಒಳಪಡುವುದು. ಇಲ್ಲಿಯೂ ಸಮಾನ ಧ್ವನಿಯಿಂದಾಗಿ ಹಗ್ಗ ಕಟ್ಟಿ ಎಳೆಯುವ ಕಲ್ಪನೆ ನುಸುಳಿದೆ.

ಕೆಲವೆಡೆ ಉಚ್ಚಾರಣೆಯೇ ಕಾರಣ. ಅಮೆರಿಕನ್ ಇಂಗ್ಲಿಷಿನಲ್ಲಿ ಸ್ವರಗಳ ನಡುವಿನ 'ಟ'ಕಾರ 'ಡ'ಕಾರಕ್ಕೆ ಸಮೀಪವಾಗುವುದರಿಂದ, ಆಳವಾಗಿ ನೆಲೆಸಿದ ಎಂಬರ್ಥದ 'ಡೀಪ್ ಸೀಟೆಡ್' ಆಳದಲ್ಲಿ ಬಿತ್ತಿದ ಎಂಬರ್ಥದ 'ಡೀಪ್ ಸೀಡೆಡ್' ಆಗುತ್ತದೆ. 'ಆಲ್ಝೈಮರ್ಸ್ ಡಿಸೀಸ್' ಬದಲಿಗೆ ಕೇಳಿಬರುವ 'ಓಲ್ಡ್ ಟೈಮರ್ಸ್ ಡಿಸೀಸ್', ಮುದುಕರ ಕಾಯಿಲೆ, ಬಹುಶಃ ಈ ಬಗೆಯಲ್ಲೇ ಅತ್ಯಂತ ಸಮರ್ಪಕವಾದ ತಪ್ಪು.

ಸಮೀಪದ ಪರಿಕಲ್ಪನೆಗಳು

ಅಪಾರ್ಥದಿಂದ ನಗೆಯುಂಟುಮಾಡುವ ಪದಪಲ್ಲಟವು ಮಾಲಾಪ್ರಾಪಿಸಂ. ಶೆರಿಡನ್‌ನ 1775ರ ನಾಟಕ 'ದಿ ರೈವಲ್ಸ್'ನ ಪಾತ್ರವೊಂದರಿಂದ ಈ ಹೆಸರು ಬಂದಿದೆ. ಹಾಡು ಅಥವಾ ಪದ್ಯದ ಸಾಲನ್ನು ತಪ್ಪಾಗಿ ಕೇಳಿಸಿಕೊಳ್ಳುವುದು ಮಾಂಡಗ್ರೀನ್. ಇದು 1954ರಲ್ಲಿ ಲೇಖಕಿ ಸಿಲ್ವಿಯಾ ರೈಟ್ ಟಂಕಿಸಿದ ಪದ. ತಪ್ಪು ರೂಪವನ್ನು ಇಡೀ ಭಾಷಿಕ ಸಮುದಾಯವೇ ಒಪ್ಪಿದರೆ ಅದು ಜಾನಪದ ನಿಷ್ಪತ್ತಿ ಎನಿಸುತ್ತದೆ. ನಾಚಿಕೆಯಿಂದ ಬಂಧಿತ ಎಂಬರ್ಥದ ಹಳೆಯ 'ಶೇಮ್‌ಫಾಸ್ಟ್' ಹೀಗೆಯೇ 'ಶೇಮ್‌ಫೇಸ್ಡ್' ಆಯಿತು. ಇಂದು ಅದನ್ನು ಯಾರೂ ತಿದ್ದುವುದಿಲ್ಲ.