ಲಕ್ಷ್ಮಣ ಫಲ ಕೀಮೋಗಿಂತ 10,000 ಪಟ್ಟು ಬಲಶಾಲಿಯೇ? ಲ್ಯಾಬಿನಿಂದ ರೋಗಿಯವರೆಗಿನ ದಾರಿ

“ಲಕ್ಷ್ಮಣ ಫಲ ತಿನ್ನಿ. ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ. ಔಷಧ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ.” ಇಂಥ ಸಂದೇಶ ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಗುಂಪಿರಲಿ, ಬೇಲೂರು, ಹಳೇಬೀಡಿನ ನೆಂಟರ ಗುಂಪಿರಲಿ, ನಿಮಗೂ ಬಂದಿರಬಹುದು.

ತಮಾಷೆಯೆಂದರೆ, ಆ ಅಂಕಿ ಪೂರ್ತಿ ಕಟ್ಟುಕಥೆಯಲ್ಲ. 1990ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಈ ಹಣ್ಣಿನ ಬೀಜದಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿ, ಲ್ಯಾಬಿನಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದರು. ಆ ಒಂದು ಬಗೆಯ ಕೋಶಗಳ ಮಟ್ಟಿಗೆ ಅದು ಅಡ್ರಿಯಾಮೈಸಿನ್ ಎಂಬ ಔಷಧಕ್ಕಿಂತ ಅಷ್ಟು ಪಟ್ಟು ಪ್ರಬಲವಾಗಿ ಕಂಡಿತು. ತಿಂದದ್ದು ಹಣ್ಣಲ್ಲ, ಪರೀಕ್ಷೆಗೆ ಒಳಗಾದವರು ಮನುಷ್ಯರಲ್ಲ. ಗಾಜಿನ ತಟ್ಟೆಗೆ ಫಿನಾಯಿಲ್ ಸುರಿದರೂ ಕ್ಯಾನ್ಸರ್ ಕೋಶ ಸಾಯುತ್ತದೆ, ಹಾಗೆಂದು ಯಾರೂ ಅದನ್ನು ಕುಡಿಯುವುದಿಲ್ಲ. ಹಣ್ಣು ತಿಂದು ಕ್ಯಾನ್ಸರ್ ವಾಸಿಯಾಗುತ್ತದೆಂದು ರೋಗಿಗಳ ಮೇಲಿನ ಯಾವ ಪರೀಕ್ಷೆಯೂ ತೋರಿಸಿಲ್ಲ. ಬದಲಿಗೆ, ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಎಲೆಯ ಕಷಾಯವನ್ನೂ ಹೆಚ್ಚಾಗಿ ಸೇವಿಸುವವರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗ ಕಂಡಿದ್ದನ್ನು ವೈದ್ಯರು 1999ರಲ್ಲಿ ವರದಿ ಮಾಡಿದರು.

ತಟ್ಟೆಯಲ್ಲಿ ಕಂಡದ್ದಕ್ಕೂ ರೋಗಿಗೆ ಸಿಗುವ ಔಷಧಕ್ಕೂ ನಡುವೆ ಬಹಳ ದೂರವಿದೆ. ಆ ದೂರ ಕ್ರಮಿಸುವ ಕೆಲಸಕ್ಕೆ ಟ್ರಾನ್ಸ್‌ಲೇಷನಲ್ ರಿಸರ್ಚ್ ಎಂದು ಹೆಸರು. ಫಾರ್ವರ್ಡ್‌ಗಳು ಹಾರಿಸಿಬಿಡುವುದು ಇದನ್ನೇ.

ಅಂಗಳದ ನಿತ್ಯಪುಷ್ಪದ ಕಥೆ

ಹಾಗಾದರೆ ಗಿಡದಿಂದ ಕ್ಯಾನ್ಸರ್ ಔಷಧ ಬರುವುದೇ ಇಲ್ಲವೇ? ಖಂಡಿತ ಬರುತ್ತದೆ. ನಮ್ಮ ಊರುಗಳ ಅಂಗಳದಲ್ಲಿ, ದೇವಸ್ಥಾನದ ಬದಿಯಲ್ಲಿ ನೀರು ಹಾಕದಿದ್ದರೂ ಹೂಬಿಡುವ ನಿತ್ಯಪುಷ್ಪವನ್ನೇ ನೋಡಿ. ಕೆಲವರು ಇದನ್ನು ಕಾಶಿ ಕಣಗಲೆ ಎನ್ನುತ್ತಾರೆ. ಇದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆ ಹಲವು ದೇಶಗಳಲ್ಲಿತ್ತು. 1950ರ ದಶಕದಲ್ಲಿ ಕೆನಡಾದ ವೈದ್ಯ ವಿಜ್ಞಾನಿ ರಾಬರ್ಟ್ ನೋಬಲ್ ಅದನ್ನು ಪರೀಕ್ಷಿಸಿದಾಗ ಪ್ರಾಣಿಗಳ ರಕ್ತದಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಸೋತಿತೆಂದು ಕೈಬಿಡುತ್ತಿದ್ದರೇನೋ. ಬಿಳಿ ಕಣ ಮಿತಿಮೀರಿ ಬೆಳೆಯುವುದೇ ರಕ್ತ ಕ್ಯಾನ್ಸರ್ ಎಂಬುದು ನೋಬಲ್‌ಗೆ ಹೊಳೆಯಿತು. ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಜೊತೆ ಸೇರಿ ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿ, 1958ರಲ್ಲಿ ಜಗತ್ತಿಗೆ ತಿಳಿಸಿದರು. ಅದರ ತಮ್ಮನಂತಿರುವ ವಿನ್‌ಕ್ರಿಸ್ಟಿನ್ ಔಷಧಕ್ಕೆ 1963ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಮಕ್ಕಳ ರಕ್ತ ಕ್ಯಾನ್ಸರಿಗೆ ಇವತ್ತಿಗೂ ಅದೇ ಆಧಾರ.

ಆದರೆ ಎಲೆ ಅರೆದು ಕುಡಿಯಬೇಡಿ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಡೋಸ್ ಸ್ವಲ್ಪ ಹೆಚ್ಚಾದರೂ ನರಗಳಿಗೆ ಪೆಟ್ಟು. ರಕ್ತನಾಳದ ಬದಲು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ಪ್ರಾಣವೇ ಹೋಗುತ್ತದೆ.

ಎರಡೂ ಬಲ್ಲವರು ಎಲ್ಲಿ ಸಿಗುತ್ತಾರೆ?

ನೋಬಲ್ ಮತ್ತು ಬಿಯರ್ ಜೋಡಿಯಾಗಿ ಕೆಲಸ ಮಾಡಿದರು. ಅಂಥವರನ್ನು ಉದ್ದೇಶಪೂರ್ವಕವಾಗಿ ತಯಾರು ಮಾಡುವುದು ಹೇಗೆ ಎಂಬುದೇ ಈಗಿನ ತಲೆನೋವು. ನಮ್ಮಲ್ಲಿ ಕ್ಯಾನ್ಸರ್ ವೈದ್ಯರಾಗಲು ಎಂಬಿಬಿಎಸ್ ಐದೂವರೆ ವರ್ಷ, ಎಂಡಿ 3, ಡಿಎಂ 3. ಇಷ್ಟರಲ್ಲಿ ಲ್ಯಾಬಿಗೆ ಬಿಡುವೆಲ್ಲಿ? ಅತ್ತ ಕ್ಯಾನ್ಸರ್ ಕೋಶಗಳ ಮೇಲೆ ಪಿಎಚ್‌ಡಿ ಮಾಡಿದವರು ಒಬ್ಬ ರೋಗಿಯನ್ನೂ ಮಾತಾಡಿಸದೆ ಪದವಿ ಪಡೆಯಬಹುದು.

ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಆವರಣದಲ್ಲಿ ಆಸ್ಪತ್ರೆಯೂ ಸಂಶೋಧನಾಲಯವೂ ಒಟ್ಟಿಗಿವೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ತಡಮಾಡದೆ ತಣ್ಣಗಿಡದಿದ್ದರೆ ಅದರೊಳಗಿನ ಆರ್‌ಎನ್‌ಎ ಹಾಳಾಗಿ ಮುಂದಿನ ಫಲಿತಾಂಶವೆಲ್ಲ ದಂಡವಾಗುತ್ತದೆ. ಇಂಥ ಸಣ್ಣ ವಿಷಯಗಳು ಪುಸ್ತಕಕ್ಕಿಂತ ಅಕ್ಕಪಕ್ಕ ಕೆಲಸ ಮಾಡುವಾಗ ಬೇಗ ತಲೆಗೆ ಹತ್ತುತ್ತವೆ. ಕ್ರೆಡೋ ಎಂಬ ಕಾರ್ಯಾಗಾರವನ್ನೂ ಟಾಟಾ ಸ್ಮಾರಕ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 2015ರಿಂದ ನಡೆಸುತ್ತಿವೆ. ಯುವ ವೈದ್ಯರು ಒಂದು ಪ್ರಶ್ನೆ ಹಿಡಿದು ಬಂದು, ಎಷ್ಟು ರೋಗಿಗಳು ಬೇಕು, ಏನನ್ನು ಅಳೆಯಬೇಕು ಎಂಬ ಪೂರ್ತಿ ಯೋಜನೆ ಬರೆದುಕೊಂಡು ಹೋಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 800 ಹಾಸಿಗೆಗಳ ಆಸ್ಪತ್ರೆಯೊಂದಿಗೆ ಎಂಡಿ-ಪಿಎಚ್‌ಡಿ ಒಟ್ಟಿಗೆ ಕಲಿಸುವ ಯೋಜನೆ ಹಾಕಿಕೊಂಡಿದೆ. ಅದಕ್ಕೆ ಬಾಗ್ಚಿ ಮತ್ತು ಪಾರ್ಥಸಾರಥಿ ಕುಟುಂಬಗಳು 2022ರಲ್ಲಿ 425 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿದವು.

ಇದರಿಂದ ನಮಗೇನು ಲಾಭ? ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದ ಉದಾಹರಣೆ ಸಾಕು. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಬೆಲೆ ಕೇಳಿದರೆ ಜಮೀನು ಮಾರಬೇಕು. ಆದರೆ ಇದು ಅಂಟಿಕೊಳ್ಳುವ ಜಾಗಗಳು ತೀರಾ ಕಡಿಮೆ ಡೋಸ್‌ನಲ್ಲೇ ತುಂಬಿಬಿಡುತ್ತವೆಂದು ಲ್ಯಾಬ್ ಅಧ್ಯಯನಗಳು ತೋರಿಸಿದ್ದವು. ಟಾಟಾ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಮುಂದುವರಿದ 151 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದರು. ಎಲ್ಲರಿಗೂ ಕಡಿಮೆ ಖರ್ಚಿನ ಮಾತ್ರೆಗಳು, ಅರ್ಧದಷ್ಟು ಜನರಿಗೆ ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್. ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆಯ ಗುಂಪಿನಲ್ಲಿ ಶೇ. 16.3, ನಿವೊಲುಮ್ಯಾಬ್ ಗುಂಪಿನಲ್ಲಿ ಶೇ. 43.4. ಕಡಿಮೆ ಔಷಧ ಸಾಕೇ ಎಂದು ಅದನ್ನು ಮಾರುವ ಕಂಪನಿ ಕೇಳುವುದು ಕಷ್ಟ. ವಾರ್ಡಿನಲ್ಲಿ ರೋಗಿಯ ಮನೆಯವರ ಮುಖ ನೋಡಿದವರು, ಲ್ಯಾಬಿನ ಲೆಕ್ಕವೂ ಗೊತ್ತಿದ್ದವರು ಕೇಳಿದರು.

ಬಾಯಿ ಕ್ಯಾನ್ಸರ್ ಇದೇ ಗುಂಪಿಗೆ ಸೇರುತ್ತದೆ. ಗುಟ್ಕಾ, ತಂಬಾಕು ಮಾತ್ರವಲ್ಲ, ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆ ತೋಟಗಳ ನಡುವೆ ಕೂತು ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು.

ಮುಂದಿನ ಸಲ ಇಂಥ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಉತ್ತರ ಸಿಗದಿದ್ದರೆ ಕ್ಯಾನ್ಸರ್ ರೋಗಿ ಇರುವ ಮನೆಗೆ ಅದನ್ನು ಕಳಿಸಬೇಡಿ. ಹಣ್ಣು ನಂಬಿ ಮೂರು ತಿಂಗಳು ಕಳೆದರೆ ಗಡ್ಡೆ ಕಾಯುತ್ತಾ ಕೂರುವುದಿಲ್ಲ. ಬಾಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಾಗಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಹೋಗಿ ತೋರಿಸಿ.

ಚಿಕಿತ್ಸೆ ವೇಳೆ ವೈದ್ಯರು “ಟ್ರಯಲ್‌ಗೆ ಸೇರುತ್ತೀರಾ?” ಎಂದರೆ ಗಾಬರಿ ಬೇಡ. ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ, 2009ರಿಂದ ಅದು ಕಡ್ಡಾಯ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಮನೆಗೆ ತಂದು ಓದಿಸಿಕೊಳ್ಳಿ. ಒಲ್ಲೆ ಎಂದರೂ, ನಡುವೆ ಬಿಟ್ಟು ಬಂದರೂ ನಿಮಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.