ಕೊರಳ ಕನ್ನಡಿಯಿಂದ ಸದ್ದಿನ ಕಣ್ಣಿಗೆ

ಚಾಳಿನ ಒಂದು ಕೋಣೆಯಲ್ಲಿ ಹಸುಗೂಸು ಅತ್ತರೆ ಸಾಲುಮನೆಗಳಿಗೆಲ್ಲ ಕೇಳುತ್ತದೆ. ಅಂಧೇರಿಯ ಇಂಥ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿದ ನಮಗೆ ಆ ಅಳುವೇ ಒಂದು ಧೈರ್ಯ. ದನಿ ಒಡೆದರೆ, ಉಸಿರೆಳೆಯುವಾಗ ಕೀರಲು ಸದ್ದು ಬಂದರೆ, ಕುಡಿದ ಹಾಲು ಮತ್ತೆ ಮತ್ತೆ ನೆತ್ತಿಗೆ ಹತ್ತಿದರೆ ಮಾತ್ರ ಎದೆ ನಡುಗುತ್ತದೆ.

ಹೃದಯದ ಶಸ್ತ್ರಚಿಕಿತ್ಸೆಯಾದ ಅಥವಾ ಉಸಿರಿನ ನಳಿಗೆಯಲ್ಲಿ ದಿನಗಟ್ಟಲೆ ಇದ್ದ ಮಕ್ಕಳಲ್ಲಿ ಕೆಲವೊಮ್ಮೆ ಧ್ವನಿತಂತು ಅಲುಗದೆ ನಿಲ್ಲುತ್ತದೆ. ಎಡತಂತುವಿನ ನರ ಎದೆಗೆ ಇಳಿದು, ಮಹಾಧಮನಿಯನ್ನು ಸುತ್ತಿ ಮತ್ತೆ ಕೊರಳಿಗೆ ಏರುತ್ತದೆ. ಆ ದಾರಿಯಲ್ಲಿ ಕತ್ತರಿಯಾಡಿದರೆ ಪೆಟ್ಟಾಗುವ ಭಯ ಇದ್ದೇ ಇದೆ.

ಈ ತಂತುಗಳನ್ನು ಕಣ್ಣಾರೆ ಕಾಣುವ ದಾರಿಯನ್ನು ತೋರಿಸಿಕೊಟ್ಟವರು ವೈದ್ಯರಲ್ಲ, ಒಬ್ಬ ಸಂಗೀತದ ಮೇಷ್ಟ್ರು. 1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿನೊಳಗೆ ಹಿಡಿದು, ಕೈಗನ್ನಡಿಯಿಂದ ಬಿಸಿಲು ಹಾಯಿಸಿ, ಹಾಡುವ ತಮ್ಮ ಕೊರಳನ್ನು ತಾವೇ ನೋಡಿದರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ವರದಿ ಮಾಡಿದರು. ಮುಂದೆ ಮೂಗಿನಿಂದ ಇಳಿಸುವ, ಬಾಗುವ ದರ್ಶಕ ನಳಿಗೆ ಬಂತು. ಇಂದಿಗೂ ಖಚಿತ ಪರೀಕ್ಷೆ ಅದೇ. ಆದರೆ ಉಸಿರಿಗೇ ತವಕಿಸುವ ಕೂಸಿಗೆ ಅದೊಂದು ಸಂಕಟ.

ಇನ್ನೊಂದು ದಾರಿ ಕಾರ್ಖಾನೆಯಿಂದ ಬಂತು. 1880ರಲ್ಲಿ ಕ್ಯೂರಿ ಸಹೋದರರು ಸ್ಫಟಿಕವನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡರು. ಈ ಗುಣದಿಂದಲೇ ಕಿವಿಗೆ ನಿಲುಕದ ಸದ್ದನ್ನು ಹುಟ್ಟಿಸಿ, ಅದರ ಮಾರುದನಿಯಿಂದ ಲೋಹದೊಳಗಿನ ಬಿರುಕನ್ನು ಹುಡುಕುವ ಯಂತ್ರಗಳಾದವು. ಅಂಧೇರಿಯ ಎಂ.ಐ.ಡಿ.ಸಿ.ಯ ವರ್ಕ್‌ಶಾಪುಗಳಲ್ಲಿ ದುಡಿದವರಿಗೆ ಇಂಥ ತಪಾಸಣೆ ಹೊಸತಲ್ಲ. 1955ರಲ್ಲಿ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಬಾಯ್ಲರ್ ಕಾರ್ಖಾನೆಯೊಂದಕ್ಕೆ ಗೆಡ್ಡೆಗಳನ್ನು ಒಯ್ದು ಅಲ್ಲಿಯ ಯಂತ್ರದಿಂದಲೇ ಪರೀಕ್ಷಿಸಿದರು. 1958ರಲ್ಲಿ ಹೊಟ್ಟೆಯೊಳಗಿನ ಚಿತ್ರಗಳನ್ನು ಪ್ರಕಟಿಸಿದರು.

ಅದೇ ಅಲ್ಟ್ರಾಸೌಂಡ್ ಈಗ ಮಕ್ಕಳ ಕುತ್ತಿಗೆಗೆ ಬಂದಿದೆ. ವಯಸ್ಸಾದವರ ಗಂಟಲಿನ ಮೃದ್ವಸ್ಥಿ ಗಟ್ಟಿಯಾಗಿ ಸದ್ದನ್ನು ತಡೆಯುತ್ತದೆ, ಎಳೆಯರದು ಮೆತ್ತಗೆ. ಹಾಸಿಗೆಯ ಪಕ್ಕದಲ್ಲೇ ಕೊರಳ ಮೇಲೆ ಉಪಕರಣವನ್ನಿಟ್ಟರೆ, ಬಾಗಿಲ ಎರಡು ರೆಕ್ಕೆಗಳಂತೆ ತಂತುಗಳು ತೆರೆದು ಮುಚ್ಚುವುದು ತೆರೆಯ ಮೇಲೆ ಕಾಣುತ್ತದೆ. ಒಂದು ರೆಕ್ಕೆ ನಿಶ್ಚಲವಾಗಿದ್ದರೆ ಅದೂ ಕಾಣುತ್ತದೆ. ಗಂಟಲಿಗೆ ಏನನ್ನೂ ತೂರಿಸಬೇಕಿಲ್ಲ, ಕ್ಷಕಿರಣದ ಸೋಂಕಿಲ್ಲ. ಸಂಶಯ ಉಳಿದರೆ ದರ್ಶಕ ನಳಿಗೆ ಬೇಕೇ ಬೇಕು.

ಇಲ್ಲಿ ನಮ್ಮ ಊರಿನ ಇನ್ನೊಂದು ಚರಿತ್ರೆಯನ್ನು ಮರೆಯಲಾಗದು. ಇದೇ ಯಂತ್ರದಿಂದ ಹೆಣ್ಣು ಭ್ರೂಣವನ್ನು ಗುರುತಿಸಿ, ಹುಟ್ಟುವ ಮೊದಲೇ ಅದರ ದನಿಯನ್ನು ಅಡಗಿಸಿದವರು ನಮ್ಮ ನಡುವೆಯೇ ಇದ್ದರು. ಭ್ರೂಣಪರೀಕ್ಷೆಯ ದುರುಪಯೋಗವನ್ನು ತಡೆಯಲು 1988ರಲ್ಲಿ ದೇಶದಲ್ಲೇ ಮೊದಲು ಕಾನೂನು ಮಾಡಿದ್ದು ಮಹಾರಾಷ್ಟ್ರ. ಕೇಂದ್ರದ ಕಾನೂನು ಬಂದದ್ದು 1994ರಲ್ಲಿ. ಹೆಣ್ಣುಮಗುವಿನ ಅಳುವನ್ನು ಬೇಡವೆಂದ ಯಂತ್ರ, ಇಂದು ಅವಳ ಅಳು ಏಕೆ ಒಡೆದಿದೆಯೆಂದು ಹುಡುಕುತ್ತಿದೆ. ಯಂತ್ರ ಬದಲಾಗಲಿಲ್ಲ, ಹಿಡಿದ ಕೈ ಬದಲಾಗಬೇಕಾಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮಗುವಿನ ದನಿ ಮೊದಲಿನಂತಿಲ್ಲವೆಂದು ತಾಯಿ ಹೇಳಿದರೆ ನಾವು ಅದನ್ನು ತಳ್ಳಿಹಾಕದಿರೋಣ. ತಡಮಾಡದೆ ವೈದ್ಯರಿಗೆ ತಿಳಿಸೋಣ. ಕನ್ನಡಿಗಿಂತ, ಯಂತ್ರಕ್ಕಿಂತ ಮೊದಲು ಎಚ್ಚೆತ್ತದ್ದು ತಾಯಿಯ ಕಿವಿಯೇ.